ಬಳ್ಳಾರಿಯ 42 ಡಿಗ್ರಿ ತಡ್ಕೊಂಡವರು ಹೊನ್ನಾವರದ 34ಕ್ಕೆ ಯಾಕೆ ಬಿದ್ರು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 31 ವರ್ಷ, ತೂಕ 54 ಕೆಜಿ, ಊರು ಬಳ್ಳಾರಿ. ನಾಲ್ಕು ವರ್ಷದಿಂದ ಸೈಕಲ್ ಹೊಡೀತಿದೀನಿ, ಏಪ್ರಿಲ್‌ನಲ್ಲಿ 42 ಡಿಗ್ರಿ ಇದ್ದಾಗ್ಲೂ ಹಂಪಿಗೆ ಹೋಗಿ ಬಂದಿದೀನಿ, ಏನೂ ಆಗಿಲ್ಲ. ಈ ಮಾರ್ಚ್ ಕೊನೇಲಿ ಒಬ್ಬಳೇ ಕರಾವಳಿಗೆ ಬೈಕ್‌ಪ್ಯಾಕಿಂಗ್ ಹೊರಟೆ. ಸೈಕಲ್‌ಗೆ ಕಟ್ಟಿದ ಸಾಮಾನು 11 ಕೆಜಿ. ಬೆಳಗ್ಗೆ ಎಂಟಕ್ಕೆ ಕುಂದಾಪುರ ಬಿಟ್ಟು ಅವತ್ತೇ ಗೋಕರ್ಣ ಸೇರೋ ಪ್ಲಾನ್. ಫೋನಲ್ಲಿ 34 ಡಿಗ್ರಿ ತೋರಿಸ್ತಿತ್ತು, ನಮ್ಮೂರಿಗಿಂತ ಆರಾಮ ಅಂದ್ಕೊಂಡೆ. ಎಲ್ಲರೂ ನೀರು ಕುಡಿ ನೀರು ಕುಡಿ ಅಂತ ಹೇಳಿದ್ರಿಂದ ಮಧ್ಯಾಹ್ನ ಮೂರೂವರೆ ಹೊತ್ತಿಗೆ 9 ಲೀಟರ್ ನೀರು, ಮೂರು ಎಳನೀರು ಆಗಿತ್ತು. ತಿಂದಿದ್ದು ಬಾಳೆಹಣ್ಣು, ಬಿಸ್ಕೆಟ್ ಅಷ್ಟೇ. ಮೂತ್ರ ನೀರಿನ ಥರ ಬೆಳ್ಳಗೆ ಬರ್ತಿತ್ತು, ಸರಿ ಇದೆ ಅಂತ ಖುಷಿಪಟ್ಟೆ. ಭಟ್ಕಳದಲ್ಲಿ ತಲೆನೋವು ಶುರುವಾಯ್ತು, ಮೆಡಿಕಲ್ ಶಾಪಲ್ಲಿ ಪೇನ್‌ಕಿಲ್ಲರ್ ತಗೊಂಡೆ. ಹೊನ್ನಾವರ ಹತ್ರ ಬರೋಷ್ಟರಲ್ಲಿ ಎರಡು ಸಲ ವಾಂತಿ, ಬಿಸಿಲಲ್ಲೇ ಮೈ ಜುಮ್ ಅಂತು, ಬೆರಳು ಊದಿ ಉಂಗುರ ಬಿಗಿ ಆಯ್ತು. ಅಂಗಡೀಲಿ ನೂರು ರೂಪಾಯಿ ಕೊಟ್ಟು ಚಿಲ್ಲರೆ ಎಷ್ಟು ಬರಬೇಕು ಅಂತ ಲೆಕ್ಕ ಹಾಕಕ್ಕೆ ಆಗ್ಲಿಲ್ಲ. ಅಲ್ಲಿದ್ದ ಅಕ್ಕ ನನ್ನ ಕೂರಿಸಿ ಗಂಜಿ ಉಪ್ಪಿನಕಾಯಿ ಕೊಟ್ರು, ಆಮೇಲೆ ಆಟೋ ಮಾಡಿ ಆಸ್ಪತ್ರೆಗೆ ಕಳಿಸಿದ್ರು. ಅಲ್ಲಿ ಜ್ವರ 37.8, ರಕ್ತದಲ್ಲಿ ಸೋಡಿಯಂ 129 ಅಂತ ಬಂತು. ಈಗ ಚೆನ್ನಾಗಿದೀನಿ. ಇದು ಸನ್ ಸ್ಟ್ರೋಕಾ? ನೀರು ಕಮ್ಮಿ ಆಯ್ತಾ? ಮತ್ತೆ ಒಬ್ಬಳೇ ಕಾರವಾರ ತನಕ ಹೋಗಬೇಕು ಅಂತಿದೆ, ಅಮ್ಮ ಬೇಡ ಅಂತಾರೆ. ಬೀಚಲ್ಲಿ ಟೆಂಟ್ ಹಾಕಿ ಮಲಗಬಹುದಾ ಅಂತಾನೂ ಹೇಳಿ.

ಉತ್ತರ:

ಮೊದಲು ಆ ಅಂಗಡಿ ಅಕ್ಕನಿಗೆ ಒಂದು ನಮಸ್ಕಾರ. ಅವತ್ತು ನಿಮಗೆ ಬೇಕಿದ್ದ ಔಷಧಿ ಅವರು ಕೊಟ್ಟ ಗಂಜಿ ಉಪ್ಪಿನಕಾಯಿನೇ. ಅದರ ಬದಲು "ಅಯ್ಯೋ ಪಾಪ, ಬಿಸಿಲಲ್ಲಿ ಬಂದಿದೆ ಹುಡುಗಿ" ಅಂತ ಇನ್ನೆರಡು ಲೀಟರ್ ನೀರು ಕುಡಿಸಿದ್ರೆ ಕಥೆ ಬೇರೆ ಆಗ್ತಿತ್ತು.

ಕುಂದಾಪುರ ಕಡೆ ಇಪ್ಪತ್ತು ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದೀನಿ, ನಾನೂ ವಾರಕ್ಕೆ ಮೂರು ದಿನ ಸೈಕಲ್ ಹೊಡೀತೀನಿ, ಹಾಗಾಗಿ ನೀವು ಹೋದ ರಸ್ತೆಯ ಹಂಪುಗಳೂ ಗೊತ್ತು. ನಿಮ್ಮ ಪ್ರಶ್ನೇಲಿ ಎರಡು ವಿಷಯ ಸೇರ್ಕೊಂಡಿದೆ, ಬಿಡಿಸಿ ನೋಡೋಣ. ಒಂದು, 42 ತಡ್ಕೊಂಡ ಮೈ 34ಕ್ಕೆ ಯಾಕೆ ಸೋತಿತು. ಎರಡು, ಅಷ್ಟು ನೀರು ಕುಡಿದ್ರೂ ಯಾಕೆ ಹಾಗಾಯ್ತು. ಎರಡನೇದಕ್ಕೆ ಉತ್ತರ ಏನಂದ್ರೆ, ಕುಡಿದ್ರೂ ಆಗಿದ್ದಲ್ಲ, ಕುಡಿದಿದ್ರಿಂದಾನೇ ಆಗಿದ್ದು. ಅದಕ್ಕೆ ಆಮೇಲೆ ಬರ್ತೀನಿ.

ನಮ್ಮ ಕಡೆ "ಬಿಸಿಲು" ಅನ್ನೋದಕ್ಕಿಂತ "ಸೆಕೆ" ಅನ್ನೋ ಮಾತು ಜಾಸ್ತಿ, ಮಾರ್ಚ್ ಬಂತು ಅಂದ್ರೆ ಯಾರು ಸಿಕ್ಕಿದ್ರೂ "ಎಂಥ ಸೆಕೆ ಮಾರಾಯ್ರೆ" ಅಂತಾನೇ ಮಾತು ಶುರು. ಬಿಸಿಲು ಬೇರೆ, ಸೆಕೆ ಬೇರೆ. ಬಳ್ಳಾರೀಲಿ ಮಣ್ಣಿನ ಮಡಕೇಲಿ ನೀರಿಟ್ರೆ ಮಧ್ಯಾಹ್ನಕ್ಕೆ ತಣ್ಣಗೆ ಇರತ್ತಲ್ಲ? ಅದೇ ಮಡಕೆ ತಂದು ಕುಂದಾಪುರದಲ್ಲಿ ಇಡಿ, ಹೊರಗೆಲ್ಲ ಒದ್ದೆ ಆಗತ್ತೆ, ಒಳಗಿನ ನೀರು ಅಷ್ಟೇನೂ ತಣ್ಣಗಾಗಲ್ಲ. ಏರ್ ಕೂಲರ್ ಕೂಡ ಹಾಗೇ, ನಿಮ್ಮೂರಲ್ಲಿ ಮನೆಮನೇಲೂ ಇರತ್ತೆ, ಇಲ್ಲಿ ಹಾಕಿದ್ರೆ ರೂಮೆಲ್ಲ ಇನ್ನಷ್ಟು ತೇವ ಆಗತ್ತೆ ಅಷ್ಟೇ. ನಮ್ಮ ಮೈನೂ ಒಂದು ಮಡಕೆನೇ ಅಂದ್ಕೊಳ್ಳಿ. ಬೆವರು ಬಂದ್ರೆ ಸಾಲದು, ಅದು ಆರಿದ್ರೆ ಮಾತ್ರ ಮೈ ತಣ್ಣಗಾಗೋದು. ಕೆಳಗೆ ಸುರಿದು ಹೋದ ಬೆವರು ದಂಡ, ನೀರೂ ಹೋಯ್ತು ಉಪ್ಪೂ ಹೋಯ್ತು, ತಂಪು ಮಾತ್ರ ಸಿಗಲಿಲ್ಲ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೋರ್ ಆದ್ರೆ ಹಾರಿಸಿ. ಒಂದು ಲೀಟರ್ ಬೆವರು ಪೂರ್ತಿ ಆವಿ ಆದ್ರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ತಗೊಂಡು ಹೋಗತ್ತೆ. ನಾವು ಪೆಡಲ್ ಮಾಡೋವಾಗ ಸುಡೋ ಶಕ್ತೀಲಿ ನಾಲ್ಕನೇ ಒಂದು ಭಾಗ ಕೂಡ ಚಕ್ರಕ್ಕೆ ಸರಿಯಾಗಿ ಹೋಗಲ್ಲ, ಉಳಿದಿದ್ದೆಲ್ಲ ಶಾಖ. ಸಾಮಾನು ಕಟ್ಕೊಂಡು ಗಂಟೆಗೆ 18-20 ಕಿಲೋಮೀಟರ್ ಹೋಗೋವಾಗ ಗಂಟೆಗೆ 350 ಕಿಲೋಕ್ಯಾಲರಿ ಆಸುಪಾಸು ಶಾಖ ಹೊರಗೆ ಹಾಕಬೇಕು, ಮೇಲಿಂದ ಸೂರ್ಯ ಕೊಡೋದು ಬೇರೆ. ಗಾಳಿ ಒಣಗಿದ್ರೆ ಮುಕ್ಕಾಲು ಲೀಟರ್ ಬೆವರಲ್ಲಿ ಕೆಲಸ ಮುಗಿಯತ್ತೆ, ಬೆವರಿದ್ದೇ ಗೊತ್ತಾಗಲ್ಲ, ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿದ ಮೇಲೆ ಓಹೋ ಅನ್ಸತ್ತೆ. ಈಗ ಬಳ್ಳಾರಿ 42 ಡಿಗ್ರಿ, ತೇವಾಂಶ 20 ಪರ್ಸೆಂಟ್ ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ (ನೀರು ಆರಿ ಎಷ್ಟು ತಣ್ಣಗಾಗಬಹುದು ಅಂತ ಹೇಳೋದು) 24ರ ಆಸುಪಾಸು ತೋರಿಸತ್ತೆ. ಕರಾವಳಿಯ 34 ಡಿಗ್ರಿ, 65 ಪರ್ಸೆಂಟ್‌ನಲ್ಲಿ ಅದೇ ಥರ್ಮಾಮೀಟರ್ 28 ದಾಟತ್ತೆ. ಬೆವರನ್ನ ಎಳ್ಕೊಳ್ಳೋ ಗಾಳಿಯ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿರತ್ತೆ. ಆಗ ಮೈ ಏನು ಮಾಡತ್ತೆ? ಇನ್ನೂ ಜಾಸ್ತಿ ಬೆವರತ್ತೆ, ಗಂಟೆಗೆ ಒಂದು, ಒಂದೂವರೆ ಲೀಟರ್, ಅದರಲ್ಲಿ ಒಂದಷ್ಟು ಮೊಣಕೈಯಿಂದ ತೊಟ್ಟಿಕ್ಕಿ ರೋಡಿಗೆ ಹೋಗತ್ತೆ.

ಹಾಗಾಗಿ ಫೋನಿನ ಡಿಗ್ರಿ ನೋಡಿ ಧೈರ್ಯ ತಗೋಬೇಡಿ. ಇನ್ನೊಂದು ತಮಾಷೆ, ಬೆಳಗ್ಗೆ ಆರಕ್ಕೆ ಅದೇ ಆ್ಯಪ್ ತೇವಾಂಶ 90 ಪರ್ಸೆಂಟ್ ಅಂತ ತೋರಿಸತ್ತೆ, ನೋಡಿ ಹೆದರಬೇಡಿ. ಆಗ ಗಾಳಿ 24-25 ಡಿಗ್ರಿ ಇರತ್ತೆ, ಬಿಸಿಲಿಲ್ಲ, ಗಾಳಿಯಲ್ಲಿ ಇರೋ ನೀರಿನ ಅಂಶ ಮಧ್ಯಾಹ್ನಕ್ಕಿಂತ ಹೆಚ್ಚೇನಿಲ್ಲ. ಪರ್ಸೆಂಟ್ ಒಂದನ್ನೇ ನೋಡಿದ್ರೂ ಮೋಸ, ಡಿಗ್ರಿ ಒಂದನ್ನೇ ನೋಡಿದ್ರೂ ಮೋಸ.

ಈಗ ನಿಮ್ಮ 129ಕ್ಕೆ ಬರೋಣ. ರಕ್ತದಲ್ಲಿ ಸೋಡಿಯಂ ಮಾಮೂಲಿಯಾಗಿ 135ರಿಂದ 145 ಇರಬೇಕು. ನಿಮ್ಮ ಲೆಕ್ಕ ಹಾಕಿ ನೋಡಿ: ಒಳಗೆ ಹೋಗಿದ್ದು 9 ಲೀಟರ್ ನೀರು, ಮೂರು ಎಳನೀರು ಅಂದ್ರೆ ಇನ್ನೊಂದು ಮುಕ್ಕಾಲು ಒಂದು ಲೀಟರ್. ಏಳೂವರೆ ಗಂಟೇಲಿ ನಿಲ್ಸಿದ್ದು ಕೂತಿದ್ದು ಎಲ್ಲ ಕಳೆದ್ರೆ ಬೆವರು ಆರು ಏಳು ಲೀಟರ್ ಹೋಗಿರಬಹುದು. ಒಂದು ಲೀಟರ್ ಬೆವರಲ್ಲಿ ಎರಡರಿಂದ ಮೂರು ಗ್ರಾಂ ಉಪ್ಪು ಹೋಗತ್ತೆ ಅಂತ ಇಟ್ಕೊಳ್ಳಿ, ಕೆಲವರಿಗೆ ಜಾಸ್ತಿ ಕೆಲವರಿಗೆ ಕಮ್ಮಿ. ಅಂದ್ರೆ ಎರಡು ಮೂರು ಟೀ ಸ್ಪೂನ್ ಉಪ್ಪು ಹೊರಗೆ, ಒಳಗೆ ಬಂದಿದ್ದು ಬಿಸ್ಕೆಟ್‌ನಲ್ಲಿದ್ದ ಚಿಟಿಕೆ. ಸಾರಿಗೆ ನೀರು ಹಾಕ್ತಾನೇ ಹೋದ್ರೆ ಏನಾಗತ್ತೋ ಅದೇ ರಕ್ತಕ್ಕೂ ಆಯ್ತು, ಸಪ್ಪೆ ಆಯ್ತು. ರಕ್ತ ಸಪ್ಪೆ ಆದಾಗ ನೀರು ಜೀವಕೋಶಗಳ ಒಳಗೆ ನುಗ್ಗತ್ತೆ. ಮೈಯಲ್ಲಿ ಬೇರೆ ಕಡೆ ಊದಿದ್ರೆ ಜಾಗ ಇದೆ, ಮಿದುಳಿಗೆ ಸುತ್ತ ಬುರುಡೆ, ಅದಕ್ಕೆ ಊದಕ್ಕೆ ಜಾಗ ಇಲ್ಲ. ತಲೆನೋವು, ವಾಂತಿ, ಚಿಲ್ಲರೆ ಲೆಕ್ಕ ತಪ್ಪಿದ್ದು ಎಲ್ಲದರ ಮೂಲ ಅದು.

ಜಾಸ್ತಿ ನೀರು ಕುಡಿದ್ರೆ ಮೂತ್ರ ಆಗಿ ಹೋಗಬೇಕಿತ್ತಲ್ಲ ಅಂತ ನೀವು ಕೇಳ್ತೀರ. ಮನೇಲಿ ಕೂತಿದ್ರೆ ಹೋಗ್ತಿತ್ತು. ಗಂಟೆಗಟ್ಟಲೆ ಮೈ ದಣಿಸೋವಾಗ, ವಾಕರಿಕೆ ಬಂದಾಗ, ನೋವಿದ್ದಾಗ ಮಿದುಳಿಂದ ನೀರು ಹಿಡಿದಿಟ್ಕೋ ಅನ್ನೋ ಹಾರ್ಮೋನ್ ಬರ್ತಾನೇ ಇರತ್ತೆ, ಕಿಡ್ನಿ ಮಾತು ಕೇಳಿ ಬಾಗಿಲು ಹಾಕ್ಕೊಳತ್ತೆ. ಮೇಲಿಂದ ಪೇನ್‌ಕಿಲ್ಲರ್. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ಮಾತ್ರೆಗಳು ಇಂಥ ಹೊತ್ತಲ್ಲಿ ಕಿಡ್ನಿಗೆ ಹೋಗೋ ರಕ್ತನೂ ಕಮ್ಮಿ ಮಾಡ್ತವೆ, ಆ ಹಾರ್ಮೋನಿನ ಕೆಲಸಾನೂ ಜೋರು ಮಾಡ್ತವೆ. ಸೈಕಲ್ ಮೇಲಿದ್ದಾಗ ತಲೆನೋವು ಬಂದ್ರೆ ಅದನ್ನ ಮಾತ್ರೆ ಹಾಕಿ ಮುಚ್ಚೋದಲ್ಲ, ಸೈಕಲ್ ನಿಲ್ಸೋದು.

ನಿಮ್ಮ ತೂಕ 54 ಕೆಜಿ ಅನ್ನೋದೂ ಇಲ್ಲಿ ಮುಖ್ಯ. 85 ಕೆಜಿ ಗಂಡಸು ಎರಡು ಲೀಟರ್ ಹೆಚ್ಚು ಕುಡಿದ್ರೆ ಆಗೋ ವ್ಯತ್ಯಾಸಕ್ಕೂ ನಿಮಗೆ ಆಗೋದಕ್ಕೂ ತುಂಬ ಅಂತರ ಇದೆ. "ಗಂಟೆಗೆ ಒಂದು ಲೀಟರ್ ಕುಡೀಲೇಬೇಕು" ಅನ್ನೋ ಸಲಹೆ ಯಾರೋ ದೊಡ್ಡ ಮೈಕಟ್ಟಿನವರು ಅವರ ಅನುಭವದಿಂದ ಹೇಳಿದ್ದು, ಅದು ನಿಮಗಲ್ಲ. ಹಂಗಂತ ನೀರೇ ಬಿಡೋದಲ್ಲ. ನಾನು ನೋಡೋ ಹೆಣ್ಣುಮಕ್ಕಳಲ್ಲಿ ತುಂಬ ಜನ ದಾರೀಲಿ ಟಾಯ್ಲೆಟ್ ಸಿಗಲ್ಲ ಅಂತ ನೀರನ್ನೇ ಕುಡಿಯದೆ ಬರ್ತಾರೆ, ಉರಿಮೂತ್ರ ಹಚ್ಕೊಂಡು ಬರ್ತಾರೆ, ಅದು ಇನ್ನೊಂದು ಕಡೆಯ ತಪ್ಪು. ಪೆಟ್ರೋಲ್ ಬಂಕ್‌ಗಳಲ್ಲಿ ಕೇಳಿ, ಟಾಯ್ಲೆಟ್ ಇರತ್ತೆ, ಮುಜುಗರ ಏನಿಲ್ಲ.

ಇದು ಸನ್ ಸ್ಟ್ರೋಕ್ ಅಲ್ಲ. ಮೈ ಒಳಗಿನ ಬಿಸಿ 40 ದಾಟಿ, ಜೊತೆಗೆ ತಲೆ ಕೆಟ್ಟ ಹಾಗೆ ಆಡೋದು, ತೂರಾಡೋದು, ಪ್ರಜ್ಞೆ ತಪ್ಪೋದು ಇದ್ರೆ ಅದು ಸನ್ ಸ್ಟ್ರೋಕ್. ನಿಮಗೆ 37.8 ಇತ್ತು. ಹನ್ನೆರಡು ಗಂಟೆ ಹೊತ್ತಿಗೆ ಸೆಕೆಯಿಂದ ಬಂದ ಸುಸ್ತು ಒಂದಷ್ಟು, ಅದನ್ನ ಬಾಯಾರಿಕೆ ಅಂದ್ಕೊಂಡು ಕುಡಿದ ನೀರಿಂದ ಉಳಿದಿದ್ದು, ಹೀಗೆ ಎರಡು ಒಂದರ ಮೇಲೊಂದು ಬಂದಿದೆ. ಬಿಸಿಲಲ್ಲಿ ಮೈ ಜುಮ್ ಅಂದಿದ್ದು ಸೆಕೆಯ ಸುಸ್ತಿನ ಲಕ್ಷಣ. ನಂಗೂ ಒಂದ್ಸಲ ಆಗಿದೆ, ಮೇ ತಿಂಗಳು, ಬೈಂದೂರು ದಾಟಿ ಒತ್ತಿನೆಣೆ ಏರು, ಮಧ್ಯಾಹ್ನ ಒಂದು ಗಂಟೆ, ತೋಳಿನ ಕೂದಲೆಲ್ಲ ಎದ್ದು ನಿಂತು ಚಳಿ ಆಯ್ತು. ಡಾಕ್ಟರ್ ಆಗಿದ್ದೂ "ಜ್ವರ ಬಂತಾ ಏನು ಕಥೆ" ಅಂತ ಇನ್ನೂ ಎರಡು ಕಿಲೋಮೀಟರ್ ತುಳಿದೆ, ನಾಚಿಕೆ ಆಗತ್ತೆ ಹೇಳಕ್ಕೆ.

ಸನ್ ಸ್ಟ್ರೋಕ್ ಬಗ್ಗೆ ಜನ ನಂಬಿರೋ ಒಂದೆರಡು ಮಾತು ಅಪಾಯದ್ದು. "ಬೆವರು ನಿಂತ್ರೆ ಮಾತ್ರ ಸನ್ ಸ್ಟ್ರೋಕ್" ಅಂತಾರೆ, ಮನೇಲಿ ಕೂತಿರೋ ವಯಸ್ಸಾದವರಿಗೆ ಎಷ್ಟೋ ಸಲ ಹಾಗಾಗತ್ತೆ, ಆದ್ರೆ ಓಡೋರು ಸೈಕಲ್ ತುಳಿಯೋರಿಗೆ ಬೆವರು ಸುರೀತಿರೋವಾಗ್ಲೇ ಬರಬಹುದು. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸ್ತೀನಿ ಅಂದ್ರೆ ಅದು ಕೆಲಸ ಮಾಡಲ್ಲ, ಇದು ಸೋಂಕಿನ ಜ್ವರ ಅಲ್ಲವಲ್ಲ, ಲಿವರ್‌ಗೆ ಸುಮ್ನೆ ಭಾರ. "ಬಿಸಿಲಿಂದ ಬಂದ ತಕ್ಷಣ ತಣ್ಣೀರು ಕುಡೀಬಾರ್ದು, ತಲೆಗೆ ಹಾಕ್ಬಾರ್ದು" ಅನ್ನೋದನ್ನ ನಮ್ಮಜ್ಜಿನೂ ಹೇಳ್ತಿದ್ರು, ಅಜ್ಜಿ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಅದು ಸರಿಯಲ್ಲ. ತಣ್ಣೀರು ಮೈಗೆ ಬಿದ್ದಷ್ಟೂ ಒಳ್ಳೇದು. ನಿಮ್ಮ ಕಡೆ ಜೇಬಲ್ಲಿ ಈರುಳ್ಳಿ ಇಟ್ಕೊಳ್ಳೋದು ಇದೆ, ಅದರಿಂದ ಕೆಡುಕೇನಿಲ್ಲ, ಸಂಜೆ ಮಂಡಕ್ಕಿಗೆ ಹೆಚ್ಚಿ ಹಾಕ್ಕೋಬಹುದು.

ಯಾರಾದ್ರೂ ಹಾಗೆ ತೂರಾಡಿ ಬಿದ್ರೆ ಮೊದಲು ತಣ್ಣಗೆ ಮಾಡೋದು, 108ಕ್ಕೆ ಫೋನ್ ಅದರ ಜೊತೆಜೊತೆಗೇ. ಕರಾವಳಿಯ ಒಂದು ಪುಣ್ಯ ಏನಂದ್ರೆ ಹೆಚ್ಚುಕಮ್ಮಿ ಪ್ರತಿ ಮನೆಗೂ ಒಂದು ಬಾವಿ ಇದೆ, ಎಷ್ಟೇ ಸೆಕೆ ಇದ್ರೂ ಬಾವಿ ನೀರು ಮೈಗಿಂತ ಎಷ್ಟೋ ತಂಪು. ಕೊಡಪಾನ ಕೊಡಪಾನ ನೀರು ಸುರಿದು, ಜೋರಾಗಿ ಗಾಳಿ ಬೀಸಿ, ಐಸ್ ಸಿಕ್ರೆ ಕುತ್ತಿಗೆ ಕಂಕುಳು ತೊಡೆಸಂದೀಲಿ ಇಟ್ಟು ಆಮೇಲೆ ಗಾಡಿ ಹತ್ತಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ.

ಇನ್ನೊಂದು ಇಲ್ಲೇ ಹೇಳ್ಬಿಡ್ತೀನಿ. ಸುಸ್ತಾಯ್ತು ಅಂದ ತಕ್ಷಣ "ಒಂದು ಗ್ಲೂಕೋಸ್ ಹಾಕ್ಸಿ" ಅನ್ನೋದು ನಮ್ಮ ಜನಕ್ಕೆ ಬಾಯಿಪಾಠ. ಬರೀ ಗ್ಲೂಕೋಸ್ ಬಾಟ್ಲಿಯಲ್ಲಿ ಉಪ್ಪಿಲ್ಲ, ಸಕ್ಕರೆ ಮೈಗೆ ಹತ್ತಿದ ಮೇಲೆ ಉಳಿಯೋದು ನೀರು. ಸೋಡಿಯಂ ಬಿದ್ದವರಿಗೆ ಅದು ಬೆಂಕಿಗೆ ಎಣ್ಣೆ. ಹಾಗಾಗಿ ಯಾವ ಆಸ್ಪತ್ರೆಗೆ ಹೋದ್ರೂ ನೀವೇ ಬಾಯಿಬಿಟ್ಟು ಹೇಳಿ: ಇಷ್ಟು ಗಂಟೆ ಸೈಕಲ್ ಹೊಡೆದೆ, ಇಷ್ಟು ಲೀಟರ್ ನೀರು ಕುಡಿದೆ, ಉಪ್ಪು ತಿಂದಿಲ್ಲ. ಈ ಮೂರು ಮಾತು ಕೇಳಿದ್ರೆ ಡಾಕ್ಟರ್ ರಕ್ತ ಟೆಸ್ಟ್ ಮಾಡಿಸ್ತಾರೆ.

ಹಾಗಾದ್ರೆ ಏನು ಕುಡೀಬೇಕು, ಎಷ್ಟು? ಎಷ್ಟು ಅನ್ನೋದನ್ನ ನೀವೇ ಕಂಡುಹಿಡಿಯಬಹುದು. ಕರಾವಳಿಗೆ ಬಂದ ಮೊದಲ ದಿನ ಬೆಳಗ್ಗೆ ತೂಕ ನೋಡಿ, ಒಂದು ಗಂಟೆ ಸೈಕಲ್ ಹೊಡೆದು, ಬೆವರು ಒರೆಸಿ, ಬಟ್ಟೆ ಬದಲಾಯಿಸಿ ಮತ್ತೆ ತೂಕ ನೋಡಿ. ಕಮ್ಮಿ ಆದ ತೂಕಕ್ಕೆ ಕುಡಿದ ನೀರು ಸೇರಿಸಿದ್ರೆ ಅದೇ ನಿಮ್ಮ ಬೆವರು. ದಿನದ ಕೊನೇಲಿ ತೂಕ ಅರ್ಧ ಕೆಜಿ, ಒಂದು ಕೆಜಿ ಕಮ್ಮಿ ಆಗಿರಲಿ, ತೊಂದ್ರೆ ಇಲ್ಲ. ಜಾಸ್ತಿ ಆಗಿದ್ರೆ ತಪ್ಪಾಗಿದೆ ಅಂತ ಅರ್ಥ. ಬಾಯಾರಿದಾಗ ಕುಡೀರಿ, ನಿಮ್ಮ ಮೈಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಹತ್ರ ಬರಬಹುದು, ಹೊಟ್ಟೇಲಿ ನೀರು ಕುಲುಕೋ ಸದ್ದು ಬಂದ್ರೆ ನಿಲ್ಸಿ. ಮೂತ್ರ ತಿಳಿ ಹಳದಿ ಇದ್ರೆ ಸಾಕು. ಇಡೀ ದಿನ ನೀರಿನ ಥರ ಬೆಳ್ಳಗೆ ಬರೋದು ಖುಷಿಪಡೋ ವಿಷಯ ಅಲ್ಲ.

ಏನು ಅನ್ನೋದಕ್ಕೆ, ಎಳನೀರು ನಂಗೂ ಇಷ್ಟ, ನಮ್ಮ ಕಡೆ ಬೊಂಡ ಅಂತೀವಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ. ಅಂದ್ರೆ ಬೊಂಡ ಒಳ್ಳೆ ಪಾನೀಯ, ಬೆವರಿಗೆ ಬದಲಿ ಅಲ್ಲ, ಬೇಕಾದ್ರೆ ಜೊತೆಗೆ ಉಪ್ಪು ಹಾಕಿದ ಕಡಲೆಕಾಯಿ ತಿನ್ನಿ. ಬಾಳೆಹಣ್ಣಿಂದೂ ಅದೇ ಕಥೆ. ಓಆರ್‌ಎಸ್ ತಗೊಳ್ಳೋವಾಗ ಪುಡಿಯ ಪೊಟ್ಟಣ ತಗೊಳ್ಳಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರಬೇಕು, ಒಂದು ಲೀಟರ್‌ಗೆ ಎಷ್ಟು ಅಂತ ಓದಿ ಅಷ್ಟೇ ಹಾಕಿ. ಆ ಹೆಸರಿಟ್ಕೊಂಡು ಡಬ್ಬೀಲಿ ಮಾರ್ತಿದ್ದ ಸಿಹಿ ಜ್ಯೂಸುಗಳು ಎಷ್ಟೋ ಇದ್ವು, 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ) ಸೂತ್ರದ ಪ್ರಕಾರ ಇಲ್ಲದವು ಆ ಹೆಸರು ಹಾಕೋ ಹಾಗಿಲ್ಲ ಅಂತು, ಆದ್ರೂ ಲೇಬಲ್ ನೋಡಿ. ಪೊಟ್ಟಣ ಸಿಗದಿದ್ರೆ ಒಂದು ಲೀಟರ್ ನೀರಿಗೆ ಆರು ಟೀ ಸ್ಪೂನ್ ಸಕ್ಕರೆ, ಅರ್ಧ ಟೀ ಸ್ಪೂನ್ ಉಪ್ಪು, ಎರಡೂ ತಲೆ ಸವರಿದ್ದು. ಎರಡು ಬಾಟ್ಲಿ ಇಟ್ಕೊಳ್ಳಿ, ಒಂದರಲ್ಲಿ ಬರೀ ನೀರು, ಒಂದರಲ್ಲಿ ಇದು.

ನಿಜ ಹೇಳಬೇಕು ಅಂದ್ರೆ ಈ ರಸ್ತೇಲಿ ಪೊಟ್ಟಣಕ್ಕಿಂತ ಹೋಟೆಲ್ ಮೇಲು. ಉಪ್ಪು ಹಾಕಿದ ಮಜ್ಜಿಗೆ, ಲಿಂಬು ಸೋಡಾ ಉಪ್ಪು ಹಾಕಿ ಅಂತ ಕೇಳಿ, ಪುನರ್ಪುಳಿ ಶರಬತ್ತಿಗೂ ಉಪ್ಪು ಹಾಕಿಸ್ಕೋಬಹುದು. ಕುಚ್ಚಲಕ್ಕಿ ಗಂಜಿ ಎಲ್ಲಿ ಸಿಕ್ರೂ ಬಿಡಬೇಡಿ, ನೀರು, ಅಕ್ಕಿ, ಉಪ್ಪು ಮೂರೂ ಒಂದೇ ತಟ್ಟೇಲಿ, ಜೊತೆಗೆ ಮಾವಿನ ಮಿಡಿ. ಗದ್ದೇಲಿ ಬಗ್ಗಿ ಕೆಲಸ ಮಾಡೋರು ಹತ್ತು ಗಂಟೆಗೆ ಗಂಜಿ ಕುಡಿಯೋದು ಸುಮ್ನೆ ಅಲ್ಲ. (ಬಿಪಿ, ಹೃದಯ, ಕಿಡ್ನಿ ತೊಂದ್ರೆ ಇರೋರು, ಅದರಲ್ಲೂ ಮೂತ್ರ ಜಾಸ್ತಿ ಮಾಡೋ ಮಾತ್ರೆ ನುಂಗೋರು ಈ ಉಪ್ಪಿನ ಮಾತನ್ನ ತಮಗೆ ಅನ್ವಯಿಸ್ಕೋಬೇಡಿ, ನಿಮ್ಮ ಡಾಕ್ಟರನ್ನ ಕೇಳಿ.)

ಮತ್ತೆ ಹೋಗಬಹುದಾ ಅಂದ್ರೆ, ಹೋಗಬಹುದು. ಆದ್ರೆ ಕುಂದಾಪುರದಿಂದ ಗೋಕರ್ಣ ಒಂದೇ ದಿನ ಬೇಡ, 140 ಕಿಲೋಮೀಟರ್ ಹತ್ರ ಅದು, ಮಾರ್ಚ್ ಕೊನೇಲಿ ಸಾಮಾನು ಕಟ್ಕೊಂಡು ಎಂಟು ಗಂಟೆಗೆ ಹೊರಟ್ರೆ ಸೂರ್ಯ ನೆತ್ತಿ ಮೇಲಿರೋವಾಗ್ಲೇ ಅರ್ಧ ದಾರಿ ಉಳಿದಿರತ್ತೆ. ಬೆಳಕು ಹರಿಯೋ ಹೊತ್ತು, ಆರೂ ಕಾಲಿಗೆ ಹೊರಡಿ. ಮರವಂತೇಲಿ ಒಂದು ಕಡೆ ಸಮುದ್ರ ಒಂದು ಕಡೆ ಸೌಪರ್ಣಿಕಾ ನದಿ, ಏಳೂವರೆ ಒಳಗೆ ಅಲ್ಲಿರ್ತೀರ, ಫೋಟೋನೂ ಚೆನ್ನಾಗಿ ಬರತ್ತೆ. ಹತ್ತೂವರೆ ಹನ್ನೊಂದಕ್ಕೆ ಮುರ್ಡೇಶ್ವರ ಹತ್ರ ಬಂದ್ರೆ 60 ಕಿಲೋಮೀಟರ್ ಆಸುಪಾಸು ಆಯ್ತು, ಅವತ್ತಿಗೆ ಸಾಕು. ಎರಡನೇ ದಿನ ಹೊನ್ನಾವರದ ಶರಾವತಿ ಸೇತುವೆ ದಾಟಿ ಕುಮಟಾ, ಅಲ್ಲಿಂದ ಹೈವೇ ಬಿಟ್ಟು ಅಘನಾಶಿನಿ ಊರಿಗೆ ಹೋಗಿ ದೋಣೀಲಿ ತದಡಿಗೆ ದಾಟಿದ್ರೆ ಗೋಕರ್ಣ ಹತ್ರಾನೇ, ದೂರನೂ ಉಳಿಯತ್ತೆ. ಮೂರನೇ ದಿನ ಅಂಕೋಲಾ, ಕಾರವಾರ.

ಹೈವೇ 66 ಅಗಲ ಮಾಡಿದಾಗ ಬದಿಯ ಮರಗಳೆಲ್ಲ ಹೋದ್ವು. ಕಾರಿನವರಿಗೆ ಅದು ಗೊತ್ತಾಗಲ್ಲ, ಸೈಕಲ್‌ನವರಿಗೆ ಮೇಲಿಂದಾನೂ ಕೆಳಗಿನ ಡಾಂಬರಿಂದಾನೂ ಬೇಯತ್ತೆ. ಒಳದಾರಿಗಳಲ್ಲಿ ತೆಂಗು ಮಾವು ಹಲಸಿನ ನೆರಳಿದೆ, ಸ್ಪೀಡ್ ಕಮ್ಮಿ ಆಗತ್ತೆ, ದಾರಿ ತಪ್ಪತ್ತೆ, ನಾಯಿ ಅಟ್ಟಿಸ್ಕೊಂಡು ಬರತ್ತೆ, ಆದ್ರೂ ನಾನು ಒಳದಾರಿ ಕಡೆನೇ. ಸೆಕೆ ತಪ್ಪಿಸಕ್ಕೆ ರಾತ್ರಿ ಹೈವೇಲಿ ಹೊಡೀತೀನಿ ಅನ್ನೋ ಐಡಿಯಾ ಮಾತ್ರ ಬೇಡ. ಸೆಕೆಗೆ ಮದ್ದಿದೆ, ಹಿಂದಿಂದ ಬರೋ ಟ್ಯಾಂಕರ್‌ಗೆ ಇಲ್ಲ.

ಗಾಳಿ ವಿಷಯದಲ್ಲಿ ಒಂದು ಪೇಚಿದೆ. ಬೇಸಿಗೇಲಿ ಹನ್ನೊಂದರ ಮೇಲೆ ಕಡಲ ಗಾಳಿ ಎದ್ದು ಮಧ್ಯಾಹ್ನಕ್ಕೆ ವಾಯುವ್ಯದಿಂದ ಬೀಸತ್ತೆ. ನೀವು ಉತ್ತರಕ್ಕೆ ಹೋಗ್ತಿದ್ರಿ, ಎದುರುಗಾಳಿ. ಕಾರವಾರದಿಂದ ಕೆಳಗೆ ಬಂದ್ರೆ ಗಾಳಿ ಬೆನ್ನಿಗೆ ಅಂತ ಎಲ್ಲರೂ ಹೇಳ್ತಾರೆ, ಸರಿನೇ, ಕಾಲಿಗೆ ಆರಾಮ. ಆದ್ರೆ ಹಿಂದಿಂದ ಗಂಟೆಗೆ 15 ಕಿಲೋಮೀಟರ್ ಗಾಳಿ ಇದ್ದು ನೀವು 20ರಲ್ಲಿ ಹೋದ್ರೆ ನಿಮ್ಮ ಮೈಗೆ ತಾಗೋ ಗಾಳಿ ಬರೀ 5. ಬೆವರು ಆರೋದೇ ಇಲ್ಲ. ಹೀಗೆ ಬೆನ್ನುಗಾಳೀಲಿ ಸುಲಭವಾಗಿ ಹೋಗ್ತಾ ಹೋಗ್ತಾನೇ ಬಿದ್ದವರನ್ನ ನೋಡಿದೀನಿ. ಆ ದಿಕ್ಕಲ್ಲಿ ಬಂದ್ರೆ ಬೆಳಗ್ಗೆ ಬೇಗ ಮುಗಿಸೋದು ಇನ್ನೂ ಮುಖ್ಯ, ಮತ್ತೆ ಅಂಗಿನ ಆಗಾಗ ನೀರಲ್ಲಿ ಅದ್ದಿ ಹಾಕ್ಕೊಳ್ಳಿ.

ಮೈಗೆ ಸೆಕೆ ಒಗ್ಗಕ್ಕೆ ಒಂದರಿಂದ ಎರಡು ವಾರ ಬೇಕು. ಬಳ್ಳಾರಿ ಬಿಸಿಲಿಗೆ ಒಗ್ಗಿರೋದು ಅರ್ಧ ಸಹಾಯ ಮಾಡತ್ತೆ, ಪೂರ್ತಿ ಅಲ್ಲ. ರಜೆ ಅಷ್ಟಿಲ್ಲ ಅಂದ್ರೆ ಮೊದಲ ಮೂರು ದಿನ ದಿನಕ್ಕೆ 40 ಕಿಲೋಮೀಟರ್ ದಾಟಬೇಡಿ, ಮೇಲೆ ಹೇಳಿದ ಮೂರು ದಿನದ ಲೆಕ್ಕ ಮೈ ಒಗ್ಗಿದ ಮೇಲಿಂದು. ಇದಕ್ಕಿಂತ ಸುಲಭದ ದಾರಿ ಡಿಸೆಂಬರ್, ಜನವರಿಲಿ ಬರೋದು. ಆಗ್ಲೂ ಮಧ್ಯಾಹ್ನ 32-33 ಡಿಗ್ರಿ ಇರತ್ತೆ, ಆದ್ರೆ ಘಟ್ಟದ ಕಡೆಯಿಂದ ಒಣಗಾಳಿ ಬರತ್ತೆ, ಬೆಳಗ್ಗೆ ಹಿತವಾಗಿರತ್ತೆ. ಮಳೆಗಾಲದಲ್ಲಿ ಸೆಕೆ ಇಲ್ಲ ಅಂತ ಜೂನ್ ಜುಲೈಲಿ ಬರೋರಿದ್ದಾರೆ, 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಇದೇ ಹೈವೇ ಮೇಲೆ ಗುಡ್ಡ ಕುಸಿದಿದ್ದು ನೆನಪಿರಲಿ.

ಅಮ್ಮನ ಮಾತಿಗೆ ಬರ್ತೀನಿ. ಹೆಣ್ಣುಮಗಳು ಒಬ್ಬಳೇ ಅನ್ನೋದು ಅವರ ಚಿಂತೆ ಇರಬಹುದು, ನನ್ನ ಚಿಂತೆ ಬೇರೆ. ಸೆಕೆಯಿಂದಾಗ್ಲಿ ಸೋಡಿಯಂ ಇಳಿದಾಗ್ಲಿ ಮೊದಲು ಕೆಡೋದು ಬುದ್ಧಿ, ನಿಲ್ಲಬೇಕೋ ಬೇಡ್ವೋ ಅಂತ ತೀರ್ಮಾನ ಮಾಡಬೇಕಾದ್ದೂ ಅದೇ ಬುದ್ಧಿ. ಜೊತೇಲಿ ಒಬ್ಬರಿದ್ರೆ "ಏನೇ, ಹೆಂಗೆಂಗೋ ಮಾತಾಡ್ತಿದೀಯ" ಅಂತಾರೆ. ಒಬ್ಬರೇ ಇದ್ದಾಗ ಆ ಕೆಲಸ ಅಮ್ಮನಿಗೇ ಕೊಡಿ. ಪ್ರತಿ ಸಲ ನಿಂತಾಗ ಮೆಸೇಜ್ ಟೈಪ್ ಮಾಡಬೇಡಿ, ವಾಯ್ಸ್ ಮೆಸೇಜ್ ಕಳಿಸಿ: ಎಲ್ಲಿದೀನಿ, ಏನು ತಿಂದೆ, ಜೊತೆಗೆ ನೂರರಿಂದ ಏಳೇಳು ಕಳೀತಾ ನಾಲ್ಕು ಸಂಖ್ಯೆ ಹೇಳಿ. ಲೆಕ್ಕ ತಪ್ಪಿದ್ರೆ, ನಾಲಿಗೆ ತೊದಲಿದ್ರೆ ಅಮ್ಮ ಫೋನ್ ಮಾಡಿ ಇಳಿ ಅಂತಾರೆ, ಇಳೀಬೇಕು, ವಾದ ಇಲ್ಲ. ನಮ್ಮ ಮನೇಲಿ ನನ್ನ ಹೆಂಡತಿ ಈ ಕೆಲಸ ಸಂತೋಷದಿಂದ ಮಾಡ್ತಾರೆ. ಇಳಿದ ಮೇಲೆ ದಾರಿ ಇದೆ, ಕೊಂಕಣ ರೈಲ್ವೆ ಹೈವೇ ಪಕ್ಕದಲ್ಲೇ ಓಡತ್ತೆ, ಬೈಂದೂರು, ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರ ಎಲ್ಲ ಕಡೆ ಸ್ಟೇಷನ್ ಇದೆ. ಸೈಕಲ್‌ನ ಲಗೇಜ್ ಆಗಿ ಬುಕ್ ಮಾಡೋದು ಯಾವ ಸ್ಟೇಷನ್ನಲ್ಲಿ ಆಗತ್ತೆ ಅಂತ ಹೊರಡೋ ಮುಂಚೆನೇ ವಿಚಾರಿಸಿ ಇಟ್ಕೊಳ್ಳಿ, ತಲೆ ಸರಿ ಇರೋವಾಗ.

ಬೀಚಲ್ಲಿ ಟೆಂಟ್ ಬಗ್ಗೆ, ಬೇರೆ ಕಾರಣಗಳು ಬಿಡಿ, ವೈದ್ಯನಾಗಿ ಬೇಡ ಅಂತೀನಿ. ಮಾರ್ಚ್ ಏಪ್ರಿಲ್‌ನಲ್ಲಿ ರಾತ್ರಿನೂ 24-25ರ ಕೆಳಗೆ ಅಷ್ಟಾಗಿ ಇಳಿಯಲ್ಲ, ನೈಲಾನ್ ಟೆಂಟಿನ ಒಳಗೆ ಗಾಳಿ ಇಲ್ಲ, ನಿದ್ದೆ ಬರಲ್ಲ, ನಿದ್ದೆ ಇಲ್ಲದ ಮೈ ಮಾರನೇ ದಿನ ಸೆಕೆಗೆ ಬೇಗ ಸೋಲತ್ತೆ. ಒದ್ದೆ ಬಟ್ಟೇಲಿ ಮಲಗಿದ್ರೆ ಬೆವರುಸಾಲೆ ಏಳತ್ತೆ, ಅದು ಎದ್ದ ಜಾಗದಲ್ಲಿ ಬೆವರಿನ ರಂಧ್ರ ಮುಚ್ಚಿರತ್ತೆ, ಅಲ್ಲಿಂದ ಮೈ ತಣ್ಣಗಾಗಲ್ಲ. ತೊಡೆಸಂದೀಲಿ ಹುಳುಕಡ್ಡಿ ಹಿಡಿದ್ರೆ ತಿಂಗಳುಗಟ್ಟಲೆ ಮುಲಾಮು ಹಚ್ಚಬೇಕು, ಮಳೆಗಾಲ ಶುರು ಆದ್ರೆ ನನ್ನ ಕ್ಲಿನಿಕ್ಕಲ್ಲಿ ಅರ್ಧ ಜನ ಅದಕ್ಕೇ ಬರೋದು. ಫ್ಯಾನ್ ಇರೋ ಒಂದು ಸಣ್ಣ ರೂಮು ಮಾಡಿ, ಸೈಕ್ಲಿಂಗ್ ಚಡ್ಡಿ ಎರಡು ಜೊತೆ ತನ್ನಿ, ಬಂದ ತಕ್ಷಣ ಒಗೆದು ಫ್ಯಾನ್ ಕೆಳಗೇ ಹರವಿ. ಹೊರಗೆ ಹಗ್ಗಕ್ಕೆ ಹಾಕಿದ್ರೆ ಬೆಳಗ್ಗೆ ಆರಕ್ಕೂ ಒಣಗಿರಲ್ಲ, ಇಲ್ಲಿಯ ಗಾಳಿ ಅಂಥದ್ದು.